ತಿರುಚಿಕೊಳ್ಳದ ಒಡಲು

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಹಲವು ಬಾರಿ ನಡೆದ ಅಖಿಲ ಭಾರತ ವಾಯುಸೈನಿಕ ಶಿಬಿರಗಳಲ್ಲಿ ಎನ್‌ಸಿಸಿ ಕೆಡೆಟ್‌ಗಳು ತಂತಿಗೆ ಕಟ್ಟಿದ ಮಾದರಿ ವಿಮಾನಗಳನ್ನು ಹಾರಿಸಿದ್ದಾರೆ. ಹಿಡಿಕೆಯಿಂದ ಹೊರಟ ಎರಡು ತಂತಿಗಳು ಬಾಲದ ಎಲಿವೇಟರ್ ಎಂಬ ಫಲಕವನ್ನು ಆಡಿಸುತ್ತವೆ. ವಿಮಾನ ಲಾಗ ಹಾಕುತ್ತದೆ.

ಒಡಲು ಮೆತ್ತಗಿದ್ದರೆ ಕೆಟ್ಟಿತು. ಎಲಿವೇಟರ್ ತಿರುಗಿದಾಗ ಗಾಳಿಯ ಒತ್ತಡಕ್ಕೆ ಬಾಲವೇ ಬಾಗಿ, ಕೈ ಕೇಳಿದಷ್ಟು ತಿರುವು ಸಿಗುವುದಿಲ್ಲ. ತಿರುಚಿಕೊಂಡರಂತೂ ಮಾದರಿ ವಾಲಿ, ತಂತಿ ಸಡಿಲಾಗುವ ಅಪಾಯ.

ಒಡಲು ಬಿಗಿಯಾಗುವ ಬಗೆಯನ್ನು ಯಾವ ಮನೆಯಲ್ಲೂ ಪರೀಕ್ಷಿಸಬಹುದು. ಮುಚ್ಚಳವಿಲ್ಲದ ಚಪ್ಪಲಿ ಡಬ್ಬಿ ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಟೇಪು ಅಂಟಿಸಿದರೆ ಬಿಗಿಯಾಗಿ ನಿಲ್ಲುತ್ತದೆ. ಬಾಲ್ಸಾ ಮರದ ಒಡಲಿಗೂ ಹಾಗೆಯೇ ಮೇಲೆ ಕೆಳಗೆ ಮುಚ್ಚಿಗೆ ಬೇಕು. ಎಂಜಿನ್ ಕೂರುವ ಮೂತಿಗೆ ಒಳಗಿನಿಂದ ತೆಳು ಪ್ಲೈವುಡ್ ಅಂಟಿಸುತ್ತಾರೆ. ಬಾಲಕ್ಕೆ ಮಾತ್ರ ಹಗುರ ಮರವೇ ಲೇಸು: ಅಲ್ಲಿ ಕೂಡಿದ ಒಂದೊಂದು ಗ್ರಾಂ, ಸಮತೋಲಕ್ಕಾಗಿ ಗಿಡ್ಡ ಮೂತಿಯಲ್ಲಿ ಅದಕ್ಕಿಂತ ಹೆಚ್ಚು ಭಾರ ಕೇಳುತ್ತದೆ.