ಕುತ್ತಿಗೆಯೊಳಗಿನ ಮಂಡಿ

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಮೂಟೆಗಟ್ಟಲೆ ಬಂದು ಬಿದ್ದಿರುತ್ತದೆ. ಆದರೆ ಪಳಗಿದ ಕಣ್ಣಿಗೆ ಬೊಗಸೆಯಷ್ಟು ಮಾದರಿ ಸಾಕು: ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಹೇಳಿಬಿಡುತ್ತದೆ. ಅದೇ ಅಡಿಕೆಯನ್ನು ವರ್ಷಗಟ್ಟಲೆ ಜಗಿದ ಬಾಯಲ್ಲಿ ಗಡ್ಡೆ ಎದ್ದರೆ, ದೇಹ ನಡೆಸುವ ವಿಚಾರಣೆಯೂ ಮಾದರಿಯಿಂದಲೇ ಶುರು. (ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಹೇಳಿತು. ನಮ್ಮ ಕಡೆ ಈ ಮಾತೆತ್ತಿದರೆ ಹುಬ್ಬು ಗಂಟಿಕ್ಕುವವರು ಇದ್ದಾರೆ, ಎತ್ತದೆ ಇರಲಾರೆ.)

ಗಡ್ಡೆಯ ಒಂದಷ್ಟು ಕೋಶಗಳನ್ನು ಮೊದಲು ಒಡೆಯುವವು ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರಕ್ಷಣಾ ಕೋಶಗಳು. ಚೂರುಗಳನ್ನು ಹೆಕ್ಕುವುದು, ಕೊಂಬೆಗಳಂತೆ ಕೈ ಚಾಚಿದ ಡೆಂಡ್ರಿಟಿಕ್ ಕೋಶ. 1973ರಲ್ಲಿ ವಿಜ್ಞಾನಿ ರಾಲ್ಫ್ ಸ್ಟೈನ್‌ಮನ್ ಗುರುತಿಸಿದ್ದು. ಅದು ಮಾದರಿ ಹೊತ್ತು ಕುತ್ತಿಗೆಯ ದುಗ್ಧಗ್ರಂಥಿಗೆ ನಡೆಯುತ್ತದೆ. ಅದೇ ಮಂಡಿ. ಅಲ್ಲಿ ಹಾದುಹೋಗುವ ಟಿ ಎಂಬ ರಕ್ಷಣಾ ಕೋಶಗಳಲ್ಲಿ ಆ ಚೂರಿನ ಗುರುತು ಹಿಡಿಯಬಲ್ಲದ್ದು ಲಕ್ಷಕ್ಕೊಂದು ಸಿಕ್ಕರೆ ಹೆಚ್ಚು.

ಗುರುತು ಸಿಕ್ಕರಷ್ಟೇ ಸಾಲದು. ಸಹಾಯಕ ಟಿ ಕೋಶವೊಂದು ಡೆಂಡ್ರಿಟಿಕ್ ಕೋಶಕ್ಕೆ ತಾಗಿ ಹುರಿದುಂಬಿಸಬೇಕು; ಆಗ ಹಂತಕ ಟಿ ಕೋಶಗಳು ಕಸುವಿನಿಂದ ಸಾವಿರಾರಾಗಿ ಬೆಳೆಯುತ್ತವೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದಾಗಲೂ ಕೆಮ್ಮಣ್ಣುಗುಂಡಿಯ ಅದಿರೊಂದೇ ಸಾಕಾಗಲಿಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲೂ ಬೇಕಾಯಿತು. ಹೆಸರು ಮಾತ್ರ ಕಬ್ಬಿಣಕ್ಕೆ, ಇಲ್ಲಿ ಹಂತಕ ಕೋಶಕ್ಕೆ.

ಹಂತಕ ಕೋಶ ಗಡ್ಡೆಗೆ ಮರಳಿ, ಪರ್ಫೊರಿನ್ ಎಂಬ ಪ್ರೋಟೀನಿನಿಂದ ಅದರ ಕೋಶಗಳಿಗೆ ತೂತು ಕೊರೆದು, ಕೊಲ್ಲುವ ಕಿಣ್ವ ಗ್ರಾಂಜೈಮನ್ನು ನುಗ್ಗಿಸುತ್ತದೆ. ಗಡ್ಡೆಯೇನು ಸುಮ್ಮನಿರುತ್ತದೆಯೇ? ಕಾವಲಿಗಿದ್ದ ಮ್ಯಾಕ್ರೊಫೇಜ್‌ಗಳನ್ನು ಒಲಿಸಿಕೊಂಡು ತನಗೇ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಪಕ್ಷಾಂತರ ನಮಗೇನೂ ಹೊಸದಲ್ಲ. ಜೊತೆಗೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಮೂಡಿಸಿ, ಟಿ ಕೋಶಕ್ಕೆ ಬ್ರೇಕ್ ಹಾಕುತ್ತದೆ.

ನಿವೊಲುಮ್ಯಾಬ್ ಔಷಧ ಆ ಬ್ರೇಕನ್ನು ಬಿಡಿಸುತ್ತದೆ. ಬೆಲೆ ಮಾತ್ರ ಬಡವರ ಕೈಗೆಟುಕದ್ದು; ಹಾಗಾಗಿ ಕಡಿಮೆ ಪ್ರಮಾಣದ ಪ್ರಯೋಗ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆಯ ಕ್ಯಾನ್ಸರ್ ಬಲಿತಿದ್ದ 151 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಕ್ಯಾನ್ಸರ್ ಚಿಕಿತ್ಸೆಯ ಮಾತ್ರೆ, ಇನ್ನೊಂದಕ್ಕೆ ಮಾತ್ರೆಯ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240. ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 16, ಎರಡನೆಯದರಲ್ಲಿ 43.

ಆದರೆ ಮಾದರಿ ಮಂಡಿಗೇ ಮುಟ್ಟದೆ, ಹಂತಕ ಕೋಶಗಳು ಒಳಗೇ ಬಾರದ ಗಡ್ಡೆಗಳೂ ಇವೆ. ಅಲ್ಲಿ ಬಿಡಿಸಲು ಬ್ರೇಕೇ ಇರುವುದಿಲ್ಲ.