ಬಾಗಿದ ಬೆನ್ನು, ತಪ್ಪುವ ಹೆಜ್ಜೆ

ಬೆಂಗಳೂರಿನ ಮಾರತ್ತಹಳ್ಳಿ ಸೇತುವೆಯ ಬಳಿ ಬಸ್ಸಿಗೆ ಕಾಯುವವರಲ್ಲಿ ಬೆನ್ನು ಬಾಗಿದ ಅಜ್ಜಿಯರು ಕಾಣುತ್ತಾರೆ. ಮಕ್ಕಳ ಐಟಿ ಕೆಲಸದ ಹಿಂದೆ ಊರು ಬಿಟ್ಟು ಬಂದವರು ಕೆಲವರು, ಇದು ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಬಾಳಿದವರು ಕೆಲವರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸಿನ ಎತ್ತರದ ಮೊದಲ ಮೆಟ್ಟಿಲು ಮಾತ್ರ ಹಾಗೇ ಇದೆ. ಆ ಬೆನ್ನನ್ನು ಕಂಡು ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗುವುದು ತಪ್ಪು. ಗೂನು ವಯಸ್ಸಿನ ಗುರುತಷ್ಟೇ ಅಲ್ಲ, ಮುಂದೆ ಬೀಳುವ ಸಂಭವವನ್ನು ಹೆಚ್ಚಿಸುವ ಒಂದು ಕಾರಣ. ಅದರ ಒಂದು ಭಾಗವನ್ನಾದರೂ ತಿದ್ದಲು ಸಾಧ್ಯವಿದೆ.

ಮಂಡಿನೋವಿಗೂ ಆಸ್ಟಿಯೋಪೊರೋಸಿಸ್‌ಗೂ ಆಡುಮಾತಿನಲ್ಲಿ ‘ಮೂಳೆ ಸವೆತ’ ಎಂಬ ಒಂದೇ ಹೆಸರಿರುವುದರಿಂದ ಬಹಳ ಗೊಂದಲವಾಗಿದೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆಯೇ ಒಳಗೊಳಗೆ ಟೊಳ್ಳಾಗುತ್ತದೆ. ಮುಟ್ಟು ನಿಂತು ಈಸ್ಟ್ರೋಜೆನ್ ಇಳಿದ ಮೇಲಂತೂ ಬೇಗ ಬೇಗ. ಹೀಗೆ ಟೊಳ್ಳಾದ ಕಶೇರುವಿನ, ಅಂದರೆ ಬೆನ್ನುಮೂಳೆಯ ಒಂದು ಬಿಲ್ಲೆಯ, ಮುಂಭಾಗ ಒಂದು ದಿನ ಬಿಂದಿಗೆ ಎತ್ತುವಾಗಲೋ ಜೋರಾಗಿ ಕೆಮ್ಮುವಾಗಲೋ ಕುಸಿದು, ಮೂಳೆ ಬೆಣೆಯ ಆಕಾರಕ್ಕೆ ಬರುತ್ತದೆ. ಇಂಥ ಮುರಿತಗಳಲ್ಲಿ ಸುಮಾರು ಮೂರನೇ ಎರಡು ಭಾಗ ಗೊತ್ತೇ ಆಗುವುದಿಲ್ಲ, ಬೆನ್ನುನೋವೆಂದು ಮುಲಾಮು ಹಚ್ಚಿ ಮರೆತುಬಿಡುತ್ತಾರೆ. ಬೆಣೆಯ ಮೇಲೆ ಬೆಣೆ ಸೇರಿದಂತೆ ಮೇಲ್ಬೆನ್ನು ಬಾಗುತ್ತದೆ. ಬಾಗು 40 ಡಿಗ್ರಿ ದಾಟಿದರೆ ವೈದ್ಯರು ಅದನ್ನು ಅತಿಯೆಂದು ಎಣಿಸುತ್ತಾರೆ. ಆಗ ದೇಹದ ಭಾರ ಪಾದಗಳ ಮುಂದಕ್ಕೆ ಸರಿಯುತ್ತದೆ. ಅದನ್ನು ಹಿಂದಕ್ಕೆಳೆಯಲು ಮಂಡಿ ಮಡಿಸಬೇಕು, ಬೆನ್ನಿನ ಸ್ನಾಯುಗಳು ದಿನವಿಡೀ ಜಗ್ಗಿ ಹಿಡಿದಿರಬೇಕು. ದಣಿದ ಸ್ನಾಯುವಿಗೆ ಎಡವಿದ ಕ್ಷಣದಲ್ಲಿ ದೇಹವನ್ನು ಹಿಡಿದು ನಿಲ್ಲಿಸುವ ಬಲ ಎಲ್ಲಿಂದ ಬರಬೇಕು?

ಬೀಳುವುದು ವಯಸ್ಸಿನಿಂದ, ಸ್ನಾಯುವಿನ ಸೋಲಿನಿಂದ. ಗೂನು ಜೊತೆಗಿರುತ್ತದೆ ಅಷ್ಟೆ ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೆಹರ್‌ಶೀದ್ ಸಿನಾಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಟಿಯೋಪೊರೋಸಿಸ್ ಜೊತೆ ಗೂನೂ ಇದ್ದ ಹೆಂಗಸರು ಆರೋಗ್ಯವಂತರಿಗಿಂತ ಹೆಚ್ಚು ತೂಗಾಡುತ್ತಿದ್ದರು, ನಿಧಾನವಾಗಿ ನಡೆಯುತ್ತಿದ್ದರು. ಅವರ ಬೆನ್ನಿನ ಸ್ನಾಯುಗಳೂ ದುರ್ಬಲವಾಗಿದ್ದವು. ಯಾವುದು ಮೊದಲು ಎಂದು ಹೇಳಲು ಅಷ್ಟು ಚಿಕ್ಕ ಅಧ್ಯಯನದಿಂದ ಆಗದು. ಜಪಾನಿನ ಸಂಶೋಧಕರು ಮೇಲ್ಬೆನ್ನಿಗಿಂತ ಸೊಂಟದ ಬಾಗೇ ಸಮತೋಲವನ್ನು ಹೆಚ್ಚು ಕೆಡಿಸುತ್ತದೆ ಎಂದೂ ಕಂಡಿದ್ದಾರೆ. ಆದರೂ ಸಿನಾಕಿ ತಂಡ ಅಂಥ ಹೆಂಗಸರಿಗೆ 4 ವಾರ ಬೆನ್ನಿಗೆ ಸಣ್ಣ ತೂಕ ಕಟ್ಟಿ ಬೆನ್ನು ನೆಟ್ಟಗೆ ಮಾಡುವ ವ್ಯಾಯಾಮ ಕಲಿಸಿದಾಗ ಸಮತೋಲ ಸುಧಾರಿಸಿತು. ಸ್ನಾಯು, ಗೂನು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಚಿಕಿತ್ಸೆಗೆ ಅದು ಅಡ್ಡಿಯಲ್ಲ, ಅನುಕೂಲವೇ. ಸ್ನಾಯುವನ್ನು ಬಲಪಡಿಸಲು ನಮಗೆ ಬರುತ್ತದೆ.

ಯಾವ ವ್ಯಾಯಾಮ ಎಂಬುದನ್ನು ಮಾತ್ರ ನೋಡಿ ಆರಿಸಬೇಕು. ಅಪಾರ್ಟ್‌ಮೆಂಟಿನ ಯೋಗ ತರಗತಿಯಲ್ಲಿ ಎಲ್ಲರಿಗೂ ಪಾದಹಸ್ತಾಸನ, ಪಶ್ಚಿಮೋತ್ತಾನಾಸನ ಹೇಳಿಕೊಡುವುದುಂಟು. ಸಿನಾಕಿಯವರದೇ 1984ರ ಅಧ್ಯಯನದಲ್ಲಿ ಆಸ್ಟಿಯೋಪೊರೋಸಿಸ್ ಇದ್ದ 59 ಹೆಂಗಸರಿದ್ದರು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ. 16 ಮಂದಿಗೆ ಹೊಸ ಕುಸಿತಗಳಾದರೆ, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ. 89 ಮಂದಿಗೆ ಆದವು. ಬಾಗುವವರ ಗುಂಪಿನಲ್ಲಿದ್ದದ್ದು 9 ಜನ ಮಾತ್ರ, ಹಾಗಾಗಿ ಆ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಬಾಗಿದಾಗ ಕಶೇರುವಿನ ಮುಂಭಾಗಕ್ಕೇ ಒತ್ತಡ ಬೀಳುತ್ತದೆ ಎಂಬ ಯಂತ್ರಶಾಸ್ತ್ರಕ್ಕೆ ಅದು ಹೊಂದುತ್ತದೆ. ಮೂಳೆ ಟೊಳ್ಳಾದವರು ಸೊಂಟದಿಂದ ಬಗ್ಗಿ ರಂಗೋಲಿ ಇಡುವ ಬದಲು ಮಣೆ ಹಾಕಿ ಕೂರುವುದು, ಗಿಡ್ಡ ಪೊರಕೆಯ ಜಾಗಕ್ಕೆ ಉದ್ದನೆಯದು ತರುವುದು ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯ ಭಾಗವೇ.

ಬೆನ್ನಿನ ಮಾತು ಬಿಡಿ, ಫುಟ್‌ಪಾತ್ ಸರಿಮಾಡಿ ಎನ್ನುವವರ ಸಿಟ್ಟು ನ್ಯಾಯವಾದದ್ದು. ಹೊರವರ್ತುಲ ರಸ್ತೆಯ ಅಂಚಿನಲ್ಲಿ ನಡೆದವರಿಗೆ ಅದು ಅರ್ಥವಾಗುತ್ತದೆ. ಆದರೆ ಹಿರಿಯರು ಬೀಳುವುದು ಬಹುಪಾಲು ಮನೆಯೊಳಗೆ, ಬಚ್ಚಲಲ್ಲಿ, ಹೊಸ್ತಿಲಲ್ಲಿ. ವಿಟಮಿನ್ ಡಿ ಕೊಟ್ಟರೆ ಸಾಕೆಂಬ ನಂಬಿಕೆಯೂ ನಿಲ್ಲುವುದಿಲ್ಲ: ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಪೈಕಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದವರೇ ಹೆಚ್ಚು ಬಿದ್ದರು ಎಂದು 2010ರಲ್ಲಿ ವರದಿಯಾಯಿತು. ಕೊರತೆ ಇದ್ದವರಿಗೆ ವೈದ್ಯರು ಹೇಳಿದಷ್ಟು ಬೇಕೇ ಬೇಕು. ಆದರೆ ಅದು ಬೆನ್ನನ್ನು ಎತ್ತಿ ನಿಲ್ಲಿಸದು.

ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಒಂದಿದೆ. ಅಜ್ಜಿಯ ಹಿಮ್ಮಡಿ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ಒಬ್ಬರು ಪಕ್ಕದಲ್ಲಿ ಹಿಡಿದುಕೊಂಡಿರಬೇಕು. ಗಲ್ಲ ಎತ್ತದೆ ತಲೆಯ ಹಿಂಭಾಗ ಗೋಡೆ ಮುಟ್ಟದಿದ್ದರೆ, ಇಲ್ಲವೇ ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ, ವೈದ್ಯರ ಬಳಿ ಬೆನ್ನುಮೂಳೆಯ ಎಕ್ಸ್‌ರೇ ಕೇಳಬೇಕು, ಅಜ್ಜಿ ಇನ್ನೂ ಬೀಳದಿದ್ದರೂ.