ಕೊಲ್ಲಿಗೆ ಹೊರಟ ಕುಟುಂಬ, ಕನ್ನಡ ಶಾಲೆಯ ಮಗು

ಗಡಿನಾಡಿನ ಮನೆಗಳಿಗೆ ಕೊಲ್ಲಿ ರಾಷ್ಟ್ರಗಳ ಸಂಬಂಧ ಹೊಸತಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡು ಭಾಗದವರು ದಶಕಗಳಿಂದ ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ದುಡಿಯುತ್ತ ಬಂದಿದ್ದಾರೆ. ಆದರೆ ಒಬ್ಬರೇ ಹೋಗಿ ಊರಿಗೆ ಹಣ ಕಳುಹಿಸುವುದು ಬೇರೆ, ಮಡದಿ ಮಕ್ಕಳೊಡನೆ ಅಲ್ಲಿ ಸಂಸಾರ ಹೂಡುವುದು ಬೇರೆ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಯೋಚಿಸಬೇಕಾದ ಸಂಗತಿಗಳು ಇನ್ನಷ್ಟು ಹೆಚ್ಚುತ್ತವೆ. ಯು.ಎ.ಇ.ಗೆ ಹೋಗುವ ಕುಟುಂಬವನ್ನು ಮುಂದಿಟ್ಟುಕೊಂಡು ಅವುಗಳನ್ನು ವಿವರಿಸುತ್ತೇವೆ.

ಮೊದಲ ತೊಡಕು ಕಾಗದಪತ್ರಗಳದು. ಕುಟುಂಬದ ವೀಸಾಕ್ಕೆ ವಿವಾಹ ಪ್ರಮಾಣಪತ್ರ, ಜನನ ಪ್ರಮಾಣಪತ್ರಗಳಿಗೆ ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ ಹಾಗೂ ಯು.ಎ.ಇ. ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಕೇರಳದಲ್ಲಿ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ಈ ಕೆಲಸ ಮಾಡಿಸಿಕೊಳ್ಳಬಹುದು. ನಮ್ಮವರಿಗೆ ಇಲ್ಲಿ ವಿಶೇಷವಾದ ಒಂದು ಕಷ್ಟವಿದೆ. ಮನೆಯಲ್ಲಿ ಕನ್ನಡದಲ್ಲಿ ಇಟ್ಟ ಹೆಸರು ಪಂಚಾಯತಿನಲ್ಲಿ ಮಲಯಾಳದಲ್ಲಿ ದಾಖಲಾಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿಯುವಷ್ಟರಲ್ಲಿ ಕಾಗುಣಿತ ಬದಲಾಗಿರುತ್ತದೆ. ಒಂದರಲ್ಲಿ ಗಣೇಶ, ಇನ್ನೊಂದರಲ್ಲಿ ಗಣೇಶ್, ಮತ್ತೊಂದರಲ್ಲಿ ಗಣೇಶನ್ ಎಂದಾಗುವುದುಂಟು. ಇನಿಶಿಯಲ್ ಮಾತ್ರ ಇರುವ, ಉಪನಾಮವಿಲ್ಲದ ಹೆಸರುಗಳೂ ನಮ್ಮಲ್ಲಿ ಹೇರಳ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಸಂದರ್ಶಕರ ಪ್ರವೇಶವನ್ನು ಯು.ಎ.ಇ. 2022ರ ನವೆಂಬರ್‌ನಲ್ಲಿ ನಿರ್ಬಂಧಿಸಿದೆ. ಆದ್ದರಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಗಳ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದುವುದು ಒಳಿತು.

ಎರಡನೆಯದು ಕಾಲದ ಲೆಕ್ಕ. ಅಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಆರಂಭವಾಗುತ್ತವೆ, ನಮ್ಮವು ಜೂನ್‌ನಲ್ಲಿ. ಮಳೆಗಾಲ ಬಂದ ಮೇಲೆ ಹೊರಟರೆ ಮಗುವಿಗೆ ಆಗಲೇ ಎರಡು ತಿಂಗಳ ಪಾಠ ತಪ್ಪಿರುತ್ತದೆ. ಮಾರ್ಚ್ ಪರೀಕ್ಷೆ ಮುಗಿಸಿ ವರ್ಗಾವಣೆ ಪತ್ರ ಪಡೆಯುವುದೇ ಸೂಕ್ತ. ಇದರಿಂದ ಊರಿನ ಶಾಲೆಗೂ ಉಪಕಾರವಾಗುತ್ತದೆ. ಕೇರಳದಲ್ಲಿ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುವುದರಿಂದ, ಕನ್ನಡ ವಿಭಾಗದ ಒಂದು ಮಗುವಿನ ನಿರ್ಗಮನವೂ ಹಗುರವಾದ ಸಂಗತಿಯಲ್ಲ. ಮುಂಚಿತವಾಗಿ ತಿಳಿದಿದ್ದರೆ ಮುಖ್ಯೋಪಾಧ್ಯಾಯರು ಹೊಸ ಮಕ್ಕಳನ್ನು ಸೇರಿಸುವ ಪ್ರಯತ್ನವನ್ನಾದರೂ ಮಾಡಬಲ್ಲರು.

ತಲುಪಿದ ಬಳಿಕದ ವ್ಯವಹಾರಗಳು ಹೆಚ್ಚು ಕ್ಲಿಷ್ಟವಲ್ಲ. ವಯಸ್ಕರಿಗೆ ವೈದ್ಯಕೀಯ ತಪಾಸಣೆ, ಎಲ್ಲರಿಗೂ ಎಮಿರೇಟ್ಸ್ ಐಡಿ. ದುಬೈಯಲ್ಲಿ ಬಾಡಿಗೆ ಕರಾರನ್ನು ‘ಇಜಾರಿ’ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ನಮ್ಮಲ್ಲಿಯಂತೆ ತಿಂಗಳು ತಿಂಗಳು ಬಾಡಿಗೆ ಕೊಡುವುದಕ್ಕಿಂತ, ವರ್ಷದ ಬಾಡಿಗೆಯನ್ನು ಕೆಲವೇ ಚೆಕ್ಕುಗಳಾಗಿ ಮುಂಗಡ ಬರೆದುಕೊಡುವ ಪದ್ಧತಿ ಅಲ್ಲಿ ಸಾಮಾನ್ಯ. ಆರಂಭದ ಖರ್ಚಿನ ಅಂದಾಜು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಸರಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಮಾತ್ರ ಶುಕ್ರವಾರವೂ ಸೇರಿ ಮೂರು ದಿನ. ಮೆಟ್ರೋದಲ್ಲಿ ತಿಂಡಿ ತಿಂದರೆ, ನೀರು ಕುಡಿದರೆ 100 ದಿರ್ಹಮ್ ದಂಡ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಬೇಕು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಂಟರ್ನೆಟ್ ಕರೆಗಳಿಗೆ ನಿರ್ಬಂಧವಿರುವುದರಿಂದ ವಾಟ್ಸಾಪ್ ಕರೆಯನ್ನು ನಂಬಿಕೊಳ್ಳುವಂತಿಲ್ಲ. ಬೋಟಿಮ್‌ನಂತಹ ಅನುಮತಿಯಿರುವ ಆ್ಯಪನ್ನು ಹೊರಡುವ ಮೊದಲೇ ಅಜ್ಜ ಅಜ್ಜಿಯರ ಫೋನಿಗೂ ಹಾಕಿಕೊಡುವುದು ಲೇಸು.

ಹೆಚ್ಚು ವಿವೇಚನೆ ಬೇಕಾದುದು ತರಗತಿಯ ವಿಷಯದಲ್ಲಿ. ಕನ್ನಡ ಮಾಧ್ಯಮದ ಐದನೆಯ ತರಗತಿಯ ಮಗು ಇಂಗ್ಲಿಷ್ ಮಾಧ್ಯಮದ ಆರನೆಯ ತರಗತಿಯಲ್ಲಿ ಮೂಕವಾಗಿ ಕುಳಿತರೆ, ಅದಕ್ಕೆ ಏನೂ ತಿಳಿದಿಲ್ಲ ಎಂದು ಭಾವಿಸುವುದು ಸರಿಯಲ್ಲ. ಅಂಶ, ಛೇದ ಅದಕ್ಕೆ ಗೊತ್ತು. ನ್ಯೂಮರೇಟರ್, ಡಿನಾಮಿನೇಟರ್ ಗೊತ್ತಿಲ್ಲ, ಅಷ್ಟೆ. ಎಲೆ ಬಿಸಿಲಿನಿಂದ ಆಹಾರ ತಯಾರಿಸುವ ಬಗೆ ತಿಳಿದಿದೆ, ಫೋಟೋಸಿಂಥೆಸಿಸ್ ಎಂಬ ಹೆಸರು ಹೊಸತು. ಒಂದು ಪುಸ್ತಕದಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯಿಸುತ್ತ ಹೋದರೆ ಈ ಅಂತರ ಕ್ರಮೇಣ ಕಡಿಮೆಯಾಗುತ್ತದೆ. ಇದನ್ನು ಬಿಟ್ಟು, ಹೊಸ ಶಾಲೆಗೆ ಹೊಂದಿಕೊಳ್ಳಲೆಂದು ಮನೆಯಲ್ಲಿಯೂ ಕನ್ನಡವನ್ನು ನಿಲ್ಲಿಸುವ ತಂದೆತಾಯಿಯರಿದ್ದಾರೆ. ಅದು ಮಗುವಿನ ಕೈಯಲ್ಲಿರುವ ಏಕೈಕ ಊರುಗೋಲನ್ನು ಕಿತ್ತುಕೊಂಡಂತೆ ಎಂಬುದು ನಮ್ಮ ಅಭಿಪ್ರಾಯ. ಇದರ ಮೇಲೆ ಅರಬ್ಬಿಯೂ ಇದೆ. ಅಲ್ಲಿಯ ಖಾಸಗಿ ಶಾಲೆಗಳಲ್ಲಿ ಅರಬ್ಬರಲ್ಲದ ಮಕ್ಕಳಿಗೂ ಅದು ಕಡ್ಡಾಯ ವಿಷಯ. ತುಳು, ಕನ್ನಡ, ಮಲಯಾಳಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ಲಿಪಿ ಅಷ್ಟೇನೂ ಭಯ ಹುಟ್ಟಿಸಲಾರದು.

ಅಂಗಡಿಗಳಲ್ಲಿ ಮಲಯಾಳವೂ ಹಿಂದಿಯೂ ಧಾರಾಳವಾಗಿ ನಡೆಯುವುದರಿಂದ ಕಾಸರಗೋಡಿನವರಿಗೆ ಪರಕೀಯ ಭಾವನೆ ಬೇಗನೆ ಕಳೆಯುತ್ತದೆ. ಕೇರಳದ ವಿಳಾಸವನ್ನು ಕಂಡು ಮಲಯಾಳಿ ಎಂದೇ ಎಣಿಸುವವರೂ ಅನೇಕ. ಊರಿನಲ್ಲಿ ನಾವು ಸಂವಿಧಾನದ 350ಎ ವಿಧಿಯನ್ನು ಮುಂದಿಟ್ಟು ಮಾತೃಭಾಷಾ ಶಿಕ್ಷಣವನ್ನು ಕೇಳುತ್ತೇವೆ. ಅಲ್ಲಿ ಹಾಗೆ ಕೇಳಲು ಯಾವ ವಿಧಿಯೂ ಇಲ್ಲ. ದುಬೈಯಲ್ಲಿ ಅನಿವಾಸಿ ಕನ್ನಡಿಗರು ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆಯಿದೆ. ಆದರೂ ಅದು ವಾರದ ಕೆಲವೇ ಗಂಟೆಗಳ ಪಾಠ, ಉಳಿದುದು ಮನೆಯದೇ ಹೊಣೆ. ಕೇರಳದ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳು ಎಸ್.ಸಿ.ಇ.ಆರ್.ಟಿ. ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಮಗು ಬಿಟ್ಟುಹೋದ ತರಗತಿಯ ಮುಂದಿನ ವರ್ಷದ ಕನ್ನಡ ಪುಸ್ತಕವನ್ನು ಇಳಿಸಿಕೊಂಡು ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿಸಬಹುದು. ಅಲ್ಲಿಯ ಬೇಸಿಗೆ ರಜೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬರುತ್ತದೆ, ಆಗ ಊರಿನ ಶಾಲೆ ತೆರೆದಿರುತ್ತದೆ. ರಜೆಗೆ ಬಂದ ಮಗು ಹಳೆಯ ಸಹಪಾಠಿಗಳೊಡನೆ ಕೆಲವು ದಿನ ಬೆಂಚಿನಲ್ಲಿ ಕುಳಿತುಕೊಳ್ಳಲು ಅಧ್ಯಾಪಕರ ಅನುಮತಿಯನ್ನು ಕೇಳಿ ನೋಡಬಹುದು.